ಬೇಸಿಗೆ ತಡ್ಕೊಳ್ಳೋ ಹೂಗಿಡ ಯಾವುದು?

2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್‌ಗಳು ಬತ್ತಿದ್ವು. ಗಿಡಕ್ಕೆ ಕುಡಿಯೋ ನೀರು ಹಾಕಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಹಾಗಾಗಿ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆ ಮನೆಗೆ ಹೂಗಿಡ ಆರಿಸುವಾಗ ಮೊದಲು ಬಣ್ಣ ಅಲ್ಲ, ನೀರಿನ ಲೆಕ್ಕ ನೋಡಿ.

ಪೆಟೂನಿಯಾ, ಚೆಂಡುಹೂ ಒಂದೇ ಸೀಸನ್. ಆಮೇಲೆ ಮತ್ತೆ ದುಡ್ಡು. ವರ್ಷಗಟ್ಟಲೆ ಉಳಿಯೋದು ಬೇಕಂದ್ರೆ, ಬಿಸಿಲು ಸುಡೋ ತಾರಸಿಗೆ ಕಾಗದದ ಹೂ. ಇದಕ್ಕೆ ನೀರು ಜಾಸ್ತಿಯಾದ್ರೆ ಬರೀ ಎಲೆ ಬರುತ್ತೆ, ಹೂ ಕಮ್ಮಿ. ನಿತ್ಯಪುಷ್ಪ ಗೋಡೆ ಸಂದಿಯಲ್ಲೂ ಬದುಕುತ್ತೆ. ಅರೆನೆರಳಿನ ಬಾಲ್ಕನಿಗೆ ಕನಕಾಂಬರ. ದೇವರ ಪೂಜೆಗೆ ದಾಸವಾಳ, ನಂದಿಬಟ್ಟಲು. ಇವು ನೆಲದಲ್ಲಿ ಬೇರೂರಿದ್ರೆ ಗಟ್ಟಿ. ಆದ್ರೆ ಕುಂಡದ ದಾಸವಾಳಕ್ಕೆ ಏಪ್ರಿಲ್‌ನಲ್ಲಿ ದಿನಾ ನೀರು ಬೇಕಾಗಬಹುದು.

ಕಣಗಿಲೆಯೂ ಗಟ್ಟಿನೇ. ಆದ್ರೆ ಎಲೆ, ಹೂ, ಕಾಂಡ ಎಲ್ಲವೂ ವಿಷ. ನಿತ್ಯಪುಷ್ಪಾನೂ ಹೊಟ್ಟೆಗೆ ಹೋಗಬಾರದು. ಪುಟ್ಟ ಮಕ್ಕಳು, ನಾಯಿ ಇರೋ ಮನೇಲಿ ಕಣಗಿಲೆ ಬೇಡವೇ ಬೇಡ.

ನೆಡೋದು ಜೂನ್–ಜುಲೈನಲ್ಲಿ. ಬೇಸಿಗೆ ಬರೋಷ್ಟರಲ್ಲಿ ಬೇರು ಇಳಿದಿರುತ್ತೆ. ಕುಂಡದ ಮಣ್ಣಿನ ಮೇಲೆ ಒಣಗಿದ ಎಲೆ ಹಾಸಿ, ತೇವ ಬೇಗ ಆರಲ್ಲ. ಅಕ್ಕಿ, ತರಕಾರಿ ತೊಳೆದ ನೀರು ಇದೆಯಲ್ಲಾ, ಅದನ್ನ ಸಿಂಕ್‌ಗೆ ಚೆಲ್ಲಬೇಡಿ. ಗಿಡಕ್ಕೆ ಹಾಕಿ!