ಬೆಂಕಿಯಿಂದ ಬದುಕುವ ಕಾಡು

ಕಾಡು, ಬೆಂಕಿ ಎಂದೊಡನೆ ನಮಗೆ ನೆನಪಾಗುವುದು ಖಾಂಡವದಹನ. ಆದರೆ ಬೆಂಕಿ ಬೀಳದಿದ್ದರೆ ಸೊರಗುವ ಕಾಡೂ ಉಂಟು ಎಂದರೆ ನೀವು ನಂಬುತ್ತೀರಾ?

ಅಮೆರಿಕದ ಆಗ್ನೇಯ ಭಾಗದಲ್ಲಿ, ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ, ಲಾಂಗ್‌ಲೀಫ್ ಪೈನ್ ಎಂಬ ಮರದ ಕಾಡುಗಳು ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಹರಡಿದ್ದವು. ದೂರದೂರ ನಿಂತ ಎತ್ತರದ ಮರಗಳು, ಕೆಳಗೆ ಬಿಸಿಲು ಬಿದ್ದ ಹುಲ್ಲು. ಸಿಡಿಲಿನಿಂದಲೋ, ಮೂಲನಿವಾಸಿಗಳ ಕೈಯಿಂದಲೋ ಕೆಲವೇ ವರ್ಷಗಳಿಗೊಮ್ಮೆ ಬೆಂಕಿ ಹುಟ್ಟಿ, ನೆಲದ ಮೇಲೆಯೇ ಹರಿದು, ಪೊದೆಗಳನ್ನು ಸುಟ್ಟುಹೋಗುತ್ತಿತ್ತು.

ಈ ಮರದ ಬಾಲ್ಯವೇ ಒಂದು ಸೋಜಿಗ. ಬೀಜ ಬೇರೂರಲು ತರಗಿಲ್ಲದ ಬರಿ ಮಣ್ಣು ಬೇಕು; ಅದನ್ನು ಒದಗಿಸುವುದು ಬೆಂಕಿ. ಮೊಳೆತ ಸಸಿ ಕೆಲವು ವರ್ಷ ಮೇಲೇಳುವುದೇ ಇಲ್ಲ, ಹುಲ್ಲಿನ ಜುಟ್ಟಿನಂತೆ ನೆಲಕ್ಕಂಟಿ ಕೂತಿರುತ್ತದೆ. ಬೆಳೆಯುತ್ತಿಲ್ಲವೆಂದು ನೋಡಿದವರು ಅಂದುಕೊಳ್ಳಬೇಕು. ಅದು ಒಳಗೊಳಗೇ ಬೇರು ಇಳಿಸುತ್ತಿರುತ್ತದೆ. (ನಿಮ್ಮ ಅಮ್ಮಂದಿರಿಗೂ ಇದನ್ನು ಓದಿ ಹೇಳಿ!) ಬೆಂಕಿ ಬಂದಾಗ ಉದ್ದನೆಯ ಸೂಜಿಯೆಲೆಗಳು ಸುಡುತ್ತವೆ, ಅವು ಸುತ್ತುವರಿದ ನಡುಗುಡಿ ಉಳಿಯುತ್ತದೆ. ಎಲೆಗೆ ತಗಲಿದ ಕಂದುಚುಕ್ಕೆ ರೋಗವೂ ಸುಟ್ಟುಹೋಗುತ್ತದೆ. ಬೇರು ಬಲಿತ ಮೇಲೆ ಗಿಡ ಸರ್ರನೆ ಮೇಲೇಳುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಅರಣ್ಯ ಇಲಾಖೆ ಬೆಂಕಿಯನ್ನೆಲ್ಲ ಶತ್ರುವೆಂದು ಬಗೆಯಿತು. ಬೆಂಕಿ ನಿಂತಲ್ಲಿ ಓಕ್ ಗಿಡಗಳು, ಪೊದೆಗಳು ದಟ್ಟೈಸಿ ಪೈನ್ ಸಸಿಗಳಿಗೆ ಬಿಸಿಲು ತಪ್ಪಿತು. ತರಗು ರಾಶಿಯಾಯಿತು, ಅಂಥಲ್ಲಿ ಕಿಡಿ ಬಿದ್ದರೆ ದೊಡ್ಡ ಮರಗಳಿಗೂ ಅಪಾಯವೇ. ಮರಕಡಿತ, ಬೇಸಾಯವೂ ಸೇರಿ 1990ರ ದಶಕದ ಹೊತ್ತಿಗೆ ಉಳಿದದ್ದು ಸುಮಾರು 30 ಲಕ್ಷ ಎಕರೆ. ಜೀವಂತ ಹಳೆಯ ಪೈನ್ ಮರದಲ್ಲೇ ಗೂಡು ಕೊರೆಯುವ ಒಂದು ಮರಕುಟಿಗ 1970ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು.

ಹರ್ಬರ್ಟ್ ಸ್ಟಾಡರ್ಡ್ ಎಂಬವರು 1931ರಲ್ಲೇ, ಬಾಬ್‌ವೈಟ್ ಹಕ್ಕಿಯ ಕುರಿತ ತಮ್ಮ ಪುಸ್ತಕದಲ್ಲಿ, ಬೆಂಕಿ ಬೇಕೆಂದು ವಾದಿಸಿದ್ದರು. ಅವರ ಮಾತು ಕಿವಿಗೆ ಬೀಳಲು ದಶಕಗಳೇ ಹಿಡಿದವು. ಈಗ ಗಾಳಿ, ತೇವ ನೋಡಿ, ಗಡಿ ಹಾಕಿಕೊಂಡು, ಇಲಾಖೆಯವರೇ ಬೆಂಕಿ ಇಡುತ್ತಾರೆ. 2024ರಲ್ಲಿ ಆ ಮರಕುಟಿಗವನ್ನು ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗಕ್ಕೆ ತರಲಾಯಿತು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಕಾಡೇ ಬೇರೆ, ಅದು ಪೈನ್ ಕಾಡಲ್ಲ. ಆದರೂ ಅಲ್ಲಿನ ಸೋಲಿಗರು ಬೇಸಿಗೆಯ ಮೊದಲಲ್ಲೇ ಒಣಗಿದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದರ ಹೆಸರು ತರಗು ಬೆಂಕಿ. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಕಾಡನ್ನು ತುಂಬಿದ್ದು ಅದರಿಂದಲೇ ಎನ್ನುತ್ತಾರೆ ಸೋಲಿಗರು. ರಜೆಯಲ್ಲಿ ಬೆಟ್ಟಕ್ಕೆ ಹೋದರೆ ರಂಗನಾಥನ ದರ್ಶನ ಮುಗಿಸಿ ಹಾಗೇ ಇಳಿಯಬೇಡಿ, ಹಿರಿಯ ಸೋಲಿಗರೊಬ್ಬರನ್ನು ಮಾತಾಡಿಸಿ. ನಿಮಗೆ ಬರುವಷ್ಟು ಕನ್ನಡ ಸಾಕು.