ಸಂಜೆ ಆರೂವರೆಗೆ ಬಿಡುಗಡೆ

ಹಗಲು ದುಡಿದು ರಾತ್ರಿ ಓದಿ ಮೇಲೆ ಬಂದವರ ಕಥೆಗಳು ನಮಗೆ ಹೊಸವಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ಪತ್ರಿಕೆಯ ಯಾವುದಾದರೂ ಪುಟದಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಲೇ ಪಾಸಾದ ಹುಡುಗನೋ ಗಾರ್ಮೆಂಟ್ಸಿಗೆ ಹೋಗುತ್ತಲೇ ಪರೀಕ್ಷೆ ಕಟ್ಟಿದ ತಾಯಿಯೋ ಕಾಣಿಸಿಕೊಳ್ಳುತ್ತಾರೆ. ಓದಿ ಸಂತೋಷಪಡುತ್ತೇವೆ, ಛಲವಿದ್ದರೆ ಎಲ್ಲವೂ ಸಾಧ್ಯ ಎಂದು ಮನೆಯ ಮಕ್ಕಳಿಗೆ ತೋರಿಸುತ್ತೇವೆ. ಆ ಮೆಚ್ಚುಗೆ ನ್ಯಾಯವಾದದ್ದೇ. ಆದರೆ ಇಂಥ ಸುದ್ದಿಗಳಲ್ಲಿ ಒಂದು ವಿವರ ಸಾಮಾನ್ಯವಾಗಿ ಇರುವುದಿಲ್ಲ: ಆ ಹುಡುಗನನ್ನು ಸಂಜೆ ಎಷ್ಟು ಗಂಟೆಗೆ ಕೆಲಸದಿಂದ ಬಿಡುತ್ತಿದ್ದರು, ಬಿಡಬೇಕೆಂದು ತೀರ್ಮಾನಿಸಿದವರು ಯಾರು? ರಾತ್ರಿ ಶಾಲೆಯ ಯಶಸ್ಸು ವಿದ್ಯಾರ್ಥಿಯ ಛಲಕ್ಕಿಂತ ಮೊದಲು ಈ ಗಂಟೆಯ ಮೇಲೆ ನಿಂತಿದೆ. ಈ ಗಂಟೆಯನ್ನು ಗೊತ್ತುಮಾಡುವುದು ರಾಜಕೀಯ. ಆದ್ದರಿಂದ ದುಡಿಮೆ ಮತ್ತು ಓದನ್ನು ಸರಿದೂಗಿಸುವ ಹೊರೆಯನ್ನು ಒಬ್ಬ ಹುಡುಗನ ಅಥವಾ ಹುಡುಗಿಯ ತಲೆಯ ಮೇಲಷ್ಟೇ ಹೊರಿಸುವುದು ತಪ್ಪು.

ಇದಕ್ಕೆ ಕನ್ನಡಿಗರ ಮಟ್ಟಿಗೆ ಮುಂಬಯಿಗಿಂತ ಒಳ್ಳೆಯ ಸಾಕ್ಷ್ಯ ಬೇರೆಲ್ಲೂ ಸಿಗದು. ದಕ್ಷಿಣ ಕನ್ನಡದ ಕರಾವಳಿಯಿಂದ ಐದನೆಯದೋ ಏಳನೆಯದೋ ಮುಗಿಸಿ ಹೊರಟ ಹುಡುಗರು ಅಲ್ಲಿ ಉಡುಪಿ ಹೋಟೆಲುಗಳನ್ನು, ಕಚೇರಿಗಳ ಕ್ಯಾಂಟೀನುಗಳನ್ನು ಸೇರಿದರು. ಲೋಟ ತೊಳೆಯುವುದರಿಂದ ಶುರು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರ್. ಅದೃಷ್ಟವಿದ್ದರೆ ಒಂದು ದಿನ ಗಲ್ಲೆಯ ಮೇಲೆ ಕೂರುವುದು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಒತ್ತಿ ಜೋಡಿಸಿ ಅವುಗಳ ಮೇಲೇ ಮಲಗುವುದು. ಈ ಹುಡುಗರಿಗಾಗಿ ಊರಿನವರ ಸಂಘಗಳೇ ಕನ್ನಡ ರಾತ್ರಿ ಶಾಲೆಗಳನ್ನು ತೆರೆದವು. ಮೊಗವೀರ ವ್ಯವಸ್ಥಾಪಕ ಮಂಡಳಿ 20ನೇ ಶತಮಾನದ ಆರಂಭದ ವರ್ಷಗಳಲ್ಲೇ ಉಚಿತ ರಾತ್ರಿ ಶಾಲೆ ಶುರುಮಾಡಿತು. ಮುಂದೆ ಬಿಲ್ಲವರ ಸಂಘದ ಗುರುನಾರಾಯಣ ರಾತ್ರಿ ಶಾಲೆ ಬಂತು, ಇತರ ಕನ್ನಡ ಸಂಸ್ಥೆಗಳೂ ಕೈಜೋಡಿಸಿದವು. ಮಹಾರಾಷ್ಟ್ರದ ನೆಲದಲ್ಲಿ ಈ ಪರಂಪರೆಗೆ ಇನ್ನೂ ಹಳೆಯ ಬೇರಿದೆ. ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ದುಡಿಯುವ ಜನರಿಗಾಗಿ ರಾತ್ರಿ ಶಾಲೆ ನಡೆಸಲು ಹೊರಟದ್ದು 1855ರಲ್ಲಿ.

ಈಗ ಆ ಹೋಟೆಲಿನ ದಿನಚರಿಯನ್ನು ಹತ್ತಿರದಿಂದ ನೋಡೋಣ. ಬೆಳಗಿನ ಜಾವ ಇಡ್ಲಿ ಬೇಯುವ ಹೊತ್ತಿಗೆ ಕೆಲಸ ಆರಂಭ. ಮಧ್ಯಾಹ್ನ ಊಟದ ಗಲಾಟೆ. ಮೂರರಿಂದ ಐದರ ತನಕ ಸ್ವಲ್ಪ ಬಿಡುವು. ಐದಾದ ಮೇಲೆ ಆಫೀಸು ಬಿಟ್ಟವರು ದೋಸೆ, ಚಹಾಕ್ಕೆ ಸಾಲುಗಟ್ಟಿ ಬರುತ್ತಾರೆ. ಅಲ್ಲಿಂದ ರಾತ್ರಿ ಒಂಬತ್ತರವರೆಗೆ ಒಬ್ಬನೇ ಒಬ್ಬ ಮಾಣಿ ಕಡಿಮೆಯಾದರೂ ಮಾಲೀಕನಿಗೆ ಕಷ್ಟ. ಮುಂಬಯಿಯ ರಾತ್ರಿ ಶಾಲೆಗಳ ಗಂಟೆ ಬಾರಿಸುವುದು ಸರಿಸುಮಾರು ಸಂಜೆ ಆರೂವರೆಗೆ, ಬಿಡುವುದು ಒಂಬತ್ತೂವರೆಗೆ. ಅಂದರೆ ಹೋಟೆಲಿಗೆ ಹುಡುಗ ಅತಿ ಹೆಚ್ಚು ಬೇಕಾದ ಹೊತ್ತೂ ಶಾಲೆಗೆ ಅವನು ಬೇಕಾದ ಹೊತ್ತೂ ಒಂದೇ. ಕ್ಯಾಂಟೀನಿನ ಹುಡುಗನ ಸ್ಥಿತಿ ಬೇರೆ: ಆಫೀಸು ಮುಚ್ಚಿದರೆ ಕ್ಯಾಂಟೀನೂ ಮುಚ್ಚಬೇಕು, ಸಂಜೆ ಅವನದೇ. ಒಂದೇ ಹಳ್ಳಿಯಿಂದ ಒಂದೇ ಬಸ್ಸಿನಲ್ಲಿ ಬಂದ, ಒಂದೇ ಆಸೆ ಹೊತ್ತ ಇಬ್ಬರಲ್ಲಿ ಒಬ್ಬ ಮೆಟ್ರಿಕ್ ಮುಗಿಸುವುದೂ ಇನ್ನೊಬ್ಬ ಅರ್ಧಕ್ಕೆ ಬಿಡುವುದೂ ಅವರವರ ಕೆಲಸದ ಜಾಗ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಎನ್ನುವುದರ ಮೇಲೆ ನಿಲ್ಲುತ್ತಿತ್ತು. ಎರಡನೆಯವನಲ್ಲಿ ಛಲ ಕಡಿಮೆ ಎನ್ನಲು ನಮಗೆ ಯಾವ ಆಧಾರವೂ ಇಲ್ಲ.

ಹೋಟೆಲಿನ ಹುಡುಗರೂ ಓದಿದರು, ನಿಜ. ಅದಕ್ಕೆ ಕಾರಣ ಮಾಲೀಕರು. ಶಾಲೆ ನಡೆಸುವ ಸಂಘದಲ್ಲಿ ಹೋಟೆಲು ಧಣಿಗಳೇ ಪದಾಧಿಕಾರಿಗಳು. ಊರಿನವರ ಎದುರು, ಜಾತಿಬಾಂಧವರ ಎದುರು, ಹುಡುಗನನ್ನು ಶಾಲೆಗೆ ಬಿಡದ ಧಣಿ ಎನಿಸಿಕೊಳ್ಳುವುದು ಯಾರಿಗೂ ಬೇಕಿರಲಿಲ್ಲ. ಹೀಗೆ ಒಂದು ಒಳ್ಳೆಯ ರೂಢಿ ಬೆಳೆಯಿತು. ಆ ಧಣಿಗಳ ಋಣವನ್ನು ಮುಂಬಯಿ ಕನ್ನಡಿಗರು ಇಂದಿಗೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೂ ಅದು ದಯೆಯ ಮೇಲೆ ನಿಂತ ಏರ್ಪಾಡು. ಒಬ್ಬ ಧಣಿ ಬಿಟ್ಟ, ಇನ್ನೊಬ್ಬ ಬಿಡಲಿಲ್ಲ. ಹಬ್ಬದ ವಾರ ಬಿಡಲಿಲ್ಲ, ಪರೀಕ್ಷೆಯ ವಾರ ಬಿಟ್ಟ. ಜೊತೆಗೆ ಆ ದಯೆ ಊರು, ಭಾಷೆ, ಜಾತಿಯ ಬೇಲಿಯೊಳಗೆ ಹರಿಯುತ್ತಿತ್ತು. ಇಂದು ಅದೇ ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುವವರು ಬಹುಪಾಲು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದ ಕಡೆಯವರು. ಅವರಿಗೂ ಧಣಿಗೂ ಊರಿನ ನಂಟಿಲ್ಲ. ಊರಿನ ನಂಟು ಕಡಿದ ಕಡೆ ರೂಢಿಯೂ ಸವೆಯುತ್ತದೆ. ಹಕ್ಕಾಗಿ ಬರೆದಿಟ್ಟಿದ್ದರೆ ಅದು ಯಾವ ಊರಿನ ಹುಡುಗನಿಗೂ ಉಳಿಯುತ್ತಿತ್ತು.

ಸಂಜೆ ಎನ್ನುವುದು ದುಡಿಯುವವರಿಗೆ ತಾನಾಗಿ ಒದಗಿದ್ದಲ್ಲ. 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಯ ವಯಸ್ಕ ಕಾರ್ಮಿಕರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ಅದು 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಲ್ಲಿ. ಆ ಮಸೂದೆಯನ್ನು ಮುಂದಿಟ್ಟವರು ಆಗ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಅಂಬೇಡ್ಕರ್. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಿರಾಮವೂ ಸೇರಿ ಹತ್ತೂವರೆ ಗಂಟೆ ಎಂದು ಗೆರೆ ಎಳೆಯಿತು. ಲೆಕ್ಕ ಹಾಕಿ ನೋಡಿ: ಹತ್ತೂವರೆ ಗಂಟೆ ಕೆಲಸದ ಜಾಗದಲ್ಲಿ, ಹೋಗಿಬರಲು ಎರಡು ಗಂಟೆ, ಮೂರು ಗಂಟೆ ತರಗತಿ. ಉಳಿಯುವುದು ಎಂಟೂವರೆ ಗಂಟೆ. ಅದರಲ್ಲೇ ನಿದ್ದೆ, ಸ್ನಾನ, ಊಟ, ಮನೆಗೆಲಸ, ಬರೆಯಬೇಕಾದ ಲೆಕ್ಕ. ಕಷ್ಟ, ಆದರೂ ಸಾಧ್ಯ. ವಾರಕ್ಕೆ 60 ಗಂಟೆಯ ಕಾಲದಲ್ಲಿ ಸಾಧ್ಯವೇ ಇರಲಿಲ್ಲ ಎನ್ನಲಾರೆ. ಆದರೆ ಆಗ ಓದಿದವರು ಅಪರೂಪದ ಗಟ್ಟಿಗರು. ಒಂದು ಸಮಾಜ ಅಪರೂಪದವರನ್ನು ನಂಬಿ ತನ್ನ ಶಿಕ್ಷಣದ ಏರ್ಪಾಡು ಮಾಡಬಾರದು.

ಈ ಗೆರೆ ಈಗ ಹಿಂದಕ್ಕೆ ಸರಿಯುತ್ತಿದೆ, ಅದೂ ನಮ್ಮ ರಾಜ್ಯದಲ್ಲಿ. 2023ರಲ್ಲಿ ಕರ್ನಾಟಕ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿ, ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡು, ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿತು. 144 ಗಂಟೆಯನ್ನು ಹದಿಮೂರು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 11. ಅದನ್ನು 48ಕ್ಕೆ ಕೂಡಿಸಿದರೆ 59. ನೂರು ವರ್ಷದ ಹಿಂದೆ 1922ರ ಕಾಯ್ದೆ ನಿಂತಿದ್ದ ಜಾಗದ ಹತ್ತಿರಕ್ಕೆ ಬಂದೆವು. ಬೆಳಗ್ಗೆ ಎಂಟಕ್ಕೆ ಒಳಗೆ ಹೋದವರು ರಾತ್ರಿ ಎಂಟಕ್ಕೆ ಹೊರಗೆ ಬಂದರೆ ಆರೂವರೆಯ ತರಗತಿ ಅವರ ಪಾಲಿಗೆ ಇದ್ದೂ ಇಲ್ಲ.

ಇದಕ್ಕೆ ಒಂದು ಉತ್ತರ ಸಿದ್ಧವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದಿನಕ್ಕೆ 12 ಗಂಟೆಯಂತೆ ನಾಲ್ಕು ದಿನ ದುಡಿದರೆ ಮೂರು ದಿನ ರಜೆ ಸಿಗುತ್ತದಲ್ಲ, ಓದುವವರಿಗೆ ಅದೇ ಒಳ್ಳೆಯದಲ್ಲವೇ? ಕಾಗದದ ಮೇಲೆ ಹೌದು. ವಾರದ ಮೂರು ದಿನ ಗೊತ್ತಾದ ರಜೆ, ಆ ಮೂರು ದಿನಕ್ಕೆ ಹೊಂದುವ ತರಗತಿ, ರಜೆಯ ದಿನ ಓವರ್‌ಟೈಮಿಗೆ ಕರೆಯುವುದಿಲ್ಲ ಎಂಬ ಖಾತರಿ, ಈ ಮೂರೂ ಒಟ್ಟಿಗೆ ಇದ್ದರೆ ನಾನೂ ಒಪ್ಪುತ್ತೇನೆ. ಆದರೆ ಅದೇ ತಿದ್ದುಪಡಿ ಓವರ್‌ಟೈಮನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿತು. ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂಬ ಮಾತು ಅದರಲ್ಲಿದೆ ಎನ್ನುವವರಿಗೆ ಕೇಳಬೇಕಾದದ್ದು ಒಂದೇ: ಗುತ್ತಿಗೆಯ ಮೇಲೆ ಸೇರಿದ ಇಪ್ಪತ್ತರ ಹುಡುಗ ಸೂಪರ್‌ವೈಸರ್ ಮುಂದೆ ನಿಂತು ಸಹಿ ಹಾಕುವುದಿಲ್ಲ ಎಂದರೆ ಮುಂದಿನ ತಿಂಗಳು ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆಯೇ? ಓವರ್‌ಟೈಮ್ ಕಾರ್ಮಿಕರಿಗೇ ಬೇಕು, ದುಪ್ಪಟ್ಟು ಕೂಲಿ ಬರುತ್ತದೆ ಎಂಬ ಮಾತೂ ಇದೆ. ಸುಳ್ಳಲ್ಲ. ಮೂಲ ಸಂಬಳದಲ್ಲಿ ಬಾಡಿಗೆ, ರೇಷನ್ನು ನೀಗದಿದ್ದಾಗ ಯಾರಾದರೂ ಓವರ್‌ಟೈಮ್ ಕೇಳುತ್ತಾರೆ. ಅದು ಸಂಬಳ ಸಾಲದು ಎಂಬುದಕ್ಕೆ ಸಾಕ್ಷಿಯೇ ಹೊರತು ಸಂಜೆ ಬೇಡ ಎಂಬುದಕ್ಕಲ್ಲ.

ಹೆಂಗಸರ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ ಗಂಡಸರು ಕೊಡುವುದು 97. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಸಂಜೆ ಹೊರಬಿದ್ದ ಹೆಂಗಸಿಗೆ ಕಾದಿರುವುದು ಎರಡನೆಯ ಪಾಳಿ: ನೀರು ಹಿಡಿಯುವುದು, ಮುದ್ದೆ ತಿರುವುವುದು, ಮಕ್ಕಳ ಹೋಂವರ್ಕ್. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಆಕೆಯ ಬಸ್ ಚಾರ್ಜು ಉಳಿಸಿತು, ಒಳ್ಳೆಯ ಕೆಲಸ. ಗಂಟೆಯನ್ನು ಉಳಿಸಲಿಲ್ಲ. ನಮ್ಮ ರಾತ್ರಿ ಶಾಲೆಗಳು ಹುಟ್ಟಿದ್ದೇ ಒಂಟಿ ಗಂಡುಹುಡುಗರನ್ನು ಕಣ್ಮುಂದೆ ಇಟ್ಟುಕೊಂಡು. ಹೆಂಗಸರಿಗೆ ಅದೇ ಆರೂವರೆಯ ತರಗತಿ ತೆರೆದು ‘ಯಾರೂ ಬರುತ್ತಿಲ್ಲ’ ಎನ್ನುವುದು ನ್ಯಾಯವಲ್ಲ. ಪಾಳಿಯ ಒಳಗೇ, ಸಂಬಳ ಸಹಿತ ಒಂದು ಗಂಟೆ ಪಾಠಕ್ಕೆ ತೆಗೆದಿಟ್ಟರೆ ಮಾತ್ರ ಅವರಿಗೆ ಉಪಯೋಗ.

ಈ ಎಲ್ಲವನ್ನೂ ದೂರಶಿಕ್ಷಣ, ಮೊಬೈಲ್ ಪಾಠ ಬಗೆಹರಿಸಿಲ್ಲವೇ ಎಂದು ಕೇಳಬಹುದು. ಮುಕ್ತ ವಿಶ್ವವಿದ್ಯಾನಿಲಯಗಳು ತರಗತಿಗೆ ಹೋಗುವ ದೂರವನ್ನು ತೆಗೆದುಹಾಕಿದವು, ಲಕ್ಷಾಂತರ ಜನಕ್ಕೆ ದಾರಿಯಾದವು. ಆದರೆ ಓದಲು ಬೇಕಾದ ಗಂಟೆ ಎಲ್ಲಿಂದ ಬರಬೇಕೋ ಅಲ್ಲಿಂದಲೇ ಬರಬೇಕು. ರಾತ್ರಿ ಹತ್ತಕ್ಕೆ ಮನೆಗೆ ಬಂದವರಿಗೆ ವಿಡಿಯೋ ಪಾಠ ಯಾವಾಗ ಬೇಕಾದರೂ ಲಭ್ಯ ಎನ್ನುವುದು ದೊಡ್ಡ ಸಮಾಧಾನವಲ್ಲ. ಅದಲ್ಲದೆ, ಒಬ್ಬೊಬ್ಬರೇ ಓದುವವರಿಗೆ ಏಟು ಬಿದ್ದಾಗ ಕೂಗಲು ದನಿಯಿರುವುದಿಲ್ಲ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013–14ರಿಂದಾಚೆಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ಆ ನಡುವೆ ಬಡ್ತಿಗಾಗಿ, ನೌಕರಿಗಾಗಿ ಆ ಪದವಿಯನ್ನು ನಂಬಿದ್ದ ದುಡಿಯುವ ಜನ ಅನುಭವಿಸಿದ ಆತಂಕಕ್ಕೆ ಅವರು ಯಾವ ರೀತಿಯಲ್ಲೂ ಕಾರಣರಾಗಿರಲಿಲ್ಲ. ವಕೀಲಿಕೆಯ ಓದನ್ನೇ ತೆಗೆದುಕೊಳ್ಳಿ. ಹಗಲು ಗುಮಾಸ್ತಿಕೆ ಮಾಡಿ ಸಂಜೆ ಕಾಲೇಜಿನಲ್ಲಿ ಕಾನೂನು ಓದುವ ದಾರಿ ಒಂದು ಕಾಲದಲ್ಲಿ ನಮ್ಮ ಕೆಳಮಧ್ಯಮ ವರ್ಗಕ್ಕೆ ತೆರೆದಿತ್ತು. ಬಾರ್ ಕೌನ್ಸಿಲ್ಲಿನ 2008ರ ನಿಯಮಗಳು ತರಗತಿಗಳನ್ನು ಬೆಳಗ್ಗೆ 8ರಿಂದ ಸಂಜೆ 7ರೊಳಗೆ ಕಟ್ಟಿಹಾಕಿದವು. ಗುಣಮಟ್ಟ ಕಾಯುವ ಉದ್ದೇಶ ಅದರ ಹಿಂದೆ ಇತ್ತು. ಆದರೂ ಬಾಗಿಲು ಮುಚ್ಚಿದ್ದು ದುಡಿಯುವವರಿಗೆ. ಮಹಾರಾಷ್ಟ್ರದಲ್ಲೂ 2017ರಲ್ಲಿ, ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲಿ ಎರಡನೆಯ ನೌಕರಿ ಮಾಡುವಂತಿಲ್ಲ ಎಂಬ ಸರ್ಕಾರಿ ಆದೇಶ ಬಂದಾಗ, ವರ್ಷಗಟ್ಟಲೆ ಅಲ್ಲಿ ಪಾಠ ಮಾಡಿದ್ದ ಅನುಭವಿಗಳು ಹೊರನಡೆಯಬೇಕಾಯಿತು. ಈ ಮೂರೂ ಕಡೆ ತೀರ್ಮಾನ ಆದ ಕೋಣೆಯಲ್ಲಿ ರಾತ್ರಿ ಓದುವವರು ಇರಲಿಲ್ಲ. ವಿದ್ಯಾರ್ಥಿ ಸಂಘಟನೆಗಳಿಗೆ ಇವರು ನೌಕರರು. ಕಾರ್ಮಿಕ ಸಂಘಗಳಿಗೆ ಇವರ ಓದು ಖಾಸಗಿ ವಿಷಯ.

ಹಾಗಾಗಿ ರಾತ್ರಿ ಓದುವವರು ರಾಜಕೀಯದಿಂದ ದೂರವಿರಲಿ ಎಂಬ ಹಿತವಚನವನ್ನು ನಾನು ಒಪ್ಪಲಾರೆ. ಅವರು ದೂರವಿದ್ದರೂ ರಾಜಕೀಯ ಅವರನ್ನು ಬಿಡುವುದಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ದನಿಯೆತ್ತಿದಾಗ, 1969ರ ಫೆಬ್ರವರಿಯಲ್ಲಿ ಗಡಿ ವಿವಾದದ ಹೆಸರಿನಲ್ಲಿ ಮುಂಬಯಿ ಹೊತ್ತಿ ಉರಿದಾಗ, ಉಡುಪಿ ಹೋಟೆಲುಗಳ ಗಾಜಿಗೆ ಕಲ್ಲು ಬಿತ್ತು. ಆ ಹೋಟೆಲಿನ ಹುಡುಗನಿಗೆ ಕೆಲಸದ ಜಾಗ, ಮಲಗುವ ಜಾಗ, ಓದುವ ಜಾಗ ಎಲ್ಲವೂ ಆ ಒಂದೇ ಗಾಜಿನ ಹಿಂದೆ ಇತ್ತು. ರಾಜಕೀಯ ನೆರವಿಗೂ ಬಂದದ್ದುಂಟು. ಇದೇ ಕರಾವಳಿಯಿಂದ ಹೋದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹೋಟೆಲು, ಸಾರಿಗೆ ಕಾರ್ಮಿಕರನ್ನು ಸಂಘಟಿಸಿ, ಮುಂಬಯಿಯಲ್ಲಿ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆ ನೌಕರರನ್ನೂ ಒಟ್ಟುಗೂಡಿಸಿ, 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದಾಗ ದುಡಿಯುವವರ ಗಂಟೆ, ಸಂಬಳ ಸಂಸತ್ತಿನ ಮಾತಾಯಿತು.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ರಾತ್ರಿ ಶಾಲೆಗಳು ಬಾಲಕಾರ್ಮಿಕ ಪದ್ಧತಿಯನ್ನು ಸಹ್ಯವಾಗಿಸಿದವಲ್ಲವೇ? ಹನ್ನೆರಡರ ಹುಡುಗನ ಜಾಗ ಹಗಲು ಶಾಲೆಯಲ್ಲಿರಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. 2006ರ ಅಕ್ಟೋಬರ್‌ನಿಂದ ಹೋಟೆಲುಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದು ನಿಷಿದ್ಧ, ಹಳೆಯ ದಿನಗಳನ್ನು ಹಾಡಿ ಹೊಗಳಿ ಅವನ್ನು ಮರಳಿ ತರುವ ಅಗತ್ಯ ಯಾರಿಗೂ ಇಲ್ಲ. ಇಂದು ರಾತ್ರಿ ಶಾಲೆ ಬೇಕಿರುವುದು ಒಂಬತ್ತು, ಹತ್ತನೆಯ ತರಗತಿಯಲ್ಲಿ ಕೈಬಿಟ್ಟು ದುಡಿಮೆಗೆ ಇಳಿದ ಹದಿನೇಳು ಹದಿನೆಂಟರವರಿಗೆ, ಮಕ್ಕಳಾದ ಮೇಲೆ ಮತ್ತೆ ಓದಬೇಕೆನಿಸಿದ ತಾಯಂದಿರಿಗೆ. ಅವರಿಗೆ ಸಿಗುತ್ತಿರುವುದೇನು? ಹಗಲು ಶಾಲೆಯವರು ಬಿಟ್ಟುಹೋದ ಕಟ್ಟಡ, ಮೊಣಕಾಲು ತಾಗುವ ಪುಟ್ಟ ಮಕ್ಕಳ ಬೆಂಚು, ಬೀಗ ಹಾಕಿದ ಪ್ರಯೋಗಾಲಯ. ಹಗಲಿನವರಿಗಿಂತ ಎಷ್ಟೋ ಕಡಿಮೆ ಗಂಟೆಯಲ್ಲಿ ಅದೇ ಪಠ್ಯ ಮುಗಿಸಿ ಅದೇ ಬೋರ್ಡಿನ ಅದೇ ಪ್ರಶ್ನೆಪತ್ರಿಕೆ ಬರೆಯಬೇಕು.

ಬೇಕಾದದ್ದು ತೀರ ದೊಡ್ಡದೇನಲ್ಲ. ದುಡಿಯುವವರಿಗೆ ಸಂಬಳ ಸಹಿತ ಶಿಕ್ಷಣ ರಜೆ ಕೊಡಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲೇ ಒಪ್ಪಂದ ರೂಪಿಸಿದೆ. ಭಾರತ ಇನ್ನೂ ಅದನ್ನು ಅನುಮೋದಿಸಿಲ್ಲ. ಜರ್ಮನಿಯ ಬಹುತೇಕ ರಾಜ್ಯಗಳಲ್ಲಿ ನೌಕರರಿಗೆ ವರ್ಷಕ್ಕೆ ಸಾಮಾನ್ಯವಾಗಿ ಐದು ದಿನ ಇಂಥ ರಜೆಯ ಹಕ್ಕಿದೆ. ನಮ್ಮಲ್ಲಿ ಮೊದಲಿಗೆ ಇಷ್ಟಾದರೂ ಸಾಕು: ಶಾಲೆಯ ದಾಖಲಾತಿ ಪತ್ರ ತೋರಿಸಿದವರು ತರಗತಿಯ ದಿನ ಓವರ್‌ಟೈಮ್ ನಿರಾಕರಿಸಿದರೆ ಕೆಲಸ ಕಳೆದುಕೊಳ್ಳಬಾರದು, ವರ್ಷದ ನಡುವೆ ಪಾಳಿ ಬದಲಾಗಬಾರದು, ಹಾಲ್ ಟಿಕೆಟ್ ತೋರಿಸಿದರೆ ಪರೀಕ್ಷೆಯ ದಿನಗಳಿಗೆ ಸಂಬಳ ಕಡಿತವಾಗಬಾರದು. ಸಣ್ಣ ಹೋಟೆಲಿನವರಿಗೆ ಇದು ಭಾರ ಎನ್ನುವುದು ನಿಜ, ಸಂಜೆಯ ಗಿರಾಕಿಯನ್ನು ಬಿಟ್ಟು ಅವರು ಬದುಕಲಾರರು. ಅಲ್ಲಿ ಬದಲಿ ಕೂಲಿಯ ಒಂದು ಪಾಲನ್ನು ಸರ್ಕಾರ ಭರಿಸಲಿ. ಆದರೆ ಭಾರ ಎಂದು ಅವರನ್ನು ಪೂರ್ತಿ ಹೊರಗಿಟ್ಟರೆ ಓದಬೇಕಾದವರಲ್ಲಿ ಬಹುಪಾಲು ಹೊರಗೇ ಉಳಿಯುತ್ತಾರೆ, ಏಕೆಂದರೆ ಕೈಗಾರಿಕಾ ಸಂಬಂಧಗಳ ಸಂಹಿತೆ, ಪಾಳಿ, ರಜೆಗಳ ನಿಯಮವನ್ನು ಬರೆದಿಡುವ ಸ್ಥಾಯಿ ಆದೇಶಗಳನ್ನು ಕಡ್ಡಾಯ ಮಾಡಿರುವುದು 300 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಗ್ಯಾರೇಜು, ದರ್ಶಿನಿ, ಬಟ್ಟೆಯಂಗಡಿಯ ಹುಡುಗ ಹುಡುಗಿಯರನ್ನು ಮುಟ್ಟಬಲ್ಲದ್ದು ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದನ್ನು ತಿದ್ದುವ ಪ್ರಸ್ತಾಪ 2025ರಲ್ಲಿ ಬಂದದ್ದು ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೆ ಏರಿಸುವುದಕ್ಕಾಗಿ. ಕಾರ್ಮಿಕ ಸಂಘಗಳು ವಿರೋಧಿಸಿದವು. ಅದೇ ಕಾಯ್ದೆ ಮುಂದೆ ಯಾವಾಗ ಚರ್ಚೆಗೆ ಬಂದರೂ ಗಂಟೆ ಏರಿಸಬೇಡಿ ಎನ್ನುವುದರ ಜೊತೆಗೆ, ಓದುವವರನ್ನು ಆರೂವರೆಗೆ ಬಿಡಬೇಕೆಂಬ ಒಂದು ಕಲಮನ್ನು ಸೇರಿಸಿ ಎಂದು ಕಾರ್ಮಿಕ ಸಂಘಗಳೂ ವಿದ್ಯಾರ್ಥಿ ಸಂಘಟನೆಗಳೂ ಒಟ್ಟಾಗಿ ಕೇಳಬೇಕು.