ಕಾಲು ಮುರಿದ ಮೇಲೆ ಕಡಲ ಕಾವಲು

ಅರವತ್ತು ದಾಟಿದವನು ಕಡಲತೀರದಲ್ಲಿ ಓಡುವುದನ್ನು ಕಂಡರೆ ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಕನಿಕರ ಹುಟ್ಟುತ್ತದೆ. ಅದರಲ್ಲಿಯೂ ಒಮ್ಮೆ ಕಾಲು ಮುರಿದುಕೊಂಡವನು ಮತ್ತೆ ಓಡತೊಡಗಿದರೆ, ‘ಹಾಸಿಗೆ ಇದ್ದಷ್ಟು ಕಾಲು ಚಾಚಬಾರದೆ?’ ಎಂದು ಕೇಳುವವರೂ ಉಂಟು. ನನ್ನನ್ನೂ ಕೇಳಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರವೇ ಇಂದಿನ ಈ ನಾಲ್ಕು ಮಾತು.

ನಿವೃತ್ತನಾಗಿ ಉಡುಪಿಯ ಕಡೆಯ ಒಂದು ಕಡಲೂರಿನಲ್ಲಿ ನೆಲಸಿದವನು ನಾನು. 2021ರ ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಬಲ ಪಾದದ ಗಂಟಿನ ಮೂಳೆ ಮುರಿಯಿತು. ಆರು ವಾರಗಳ ಬಳಿಕ ಪ್ಲಾಸ್ಟರ್ ಬಿಚ್ಚಿದಾಗ ಕಂಡದ್ದು ನನ್ನ ಕಾಲಲ್ಲ, ಯಾವನೋ ಬಡಕಲು ಹುಡುಗನ ಕಾಲು! ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ ಆರೆಂಟು ವಾರ ಸಾಕು. ಆದರೆ ಕೂಡಿದ ಮೂಳೆ ಮೊದಲಿನಂತೆ ಗಟ್ಟಿಗೊಳ್ಳಲು ತಿಂಗಳುಗಳೇ ಬೇಕು. ಸ್ನಾಯುಗಳು ಕೆಲಸವಿಲ್ಲದೆ ಬಲುಬೇಗ ಸೊರಗುತ್ತವೆ. ಮೂಳೆಗೆ ಮೂಳೆಯನ್ನು ಬಿಗಿಯುವ ಅಸ್ಥಿರಜ್ಜುಗಳಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅವು ಚೇತರಿಸಿಕೊಳ್ಳುವುದು ನಿಧಾನ. ನೋವು ಹೋಯಿತೆಂದರೆ ಗುಣವಾಯಿತೆಂದು ಅರ್ಥವಲ್ಲ.

ವೈದ್ಯರ ಅಪ್ಪಣೆ ಪಡೆದು ಮೊದಲು ಒಂಟಿಕಾಲಿನಲ್ಲಿ ನಿಲ್ಲುವುದನ್ನು ಕಲಿತೆ, ಅನಂತರ ನಡಿಗೆ, ಆಮೇಲೆ ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಇದರ ಪರೀಕ್ಷೆ ನಡೆಯುವುದು ಮರುದಿನ ಬೆಳಿಗ್ಗೆ. ಎದ್ದಾಗಲೂ ನೋವು ಉಳಿದಿದ್ದರೆ ಹಿಂದಿನ ದಿನದ ಓಟ ಹೆಚ್ಚಾಯಿತೆಂದೇ ತಿಳಿಯಬೇಕು. ಮರಳಿನ ಗುಣವನ್ನೂ ಅರಿಯಬೇಕು. ಒಣ ಮರಳಿನ ಓಟ ಗಟ್ಟಿ ನೆಲದ ಓಟಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕ ಶಕ್ತಿಯನ್ನು ಬೇಡುತ್ತದೆ. ನೀರಂಚಿನ ಒದ್ದೆ ಮರಳು ಗಟ್ಟಿಯೇನೋ ಹೌದು, ಆದರೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಒಂದೇ ಕಾಲಿಗೆ ಪೆಟ್ಟು.

ಹೀಗೆ ಓಡುತ್ತಿದ್ದ ಒಂದು ಮುಂಜಾನೆ, ಊರಿನ ಸ್ವಯಂಸೇವಕ ರಕ್ಷಣಾ ತಂಡದವರು ಹಗ್ಗ ಎಸೆಯುವ ಅಭ್ಯಾಸದಲ್ಲಿದ್ದುದನ್ನು ಕಂಡೆ. ‘ನೀವೂ ಬನ್ನಿ ಸರ್’ ಎಂದರು. ‘ಈ ಕಾಲಿನಿಂದ ಏನಾದೀತು?’ ಎಂದೆ. ತಂಡದ ಹಿರಿಯ ಮೀನುಗಾರರೊಬ್ಬರು, ‘ನೀವು ನೀರಿಗೆ ಇಳಿಯುವುದು ಬೇಡ. ಇಳಿಯದೆ ಇರುವುದನ್ನೇ ನಾವು ಕಲಿಸುವುದು’ ಎಂದರು.

ಆ ಮಾತು ನನ್ನನ್ನು 1988ಕ್ಕೆ ಒಯ್ದಿತು. ಆಗ ನಾನು ಎಳೆಯ ಅಧ್ಯಾಪಕ. ವಿದ್ಯಾರ್ಥಿಗಳೊಡನೆ ಕಡಲತೀರಕ್ಕೆ ಪ್ರವಾಸ ಬಂದಿದ್ದೆ. ಒಬ್ಬ ಹುಡುಗನನ್ನು ನೀರು ಸೆಳೆಯಿತು. ಅವನನ್ನು ಹಿಡಿಯಲು ಗೆಳೆಯ ಧುಮುಕಿದ. ಮೊದಲನೆಯವನನ್ನು ಮೀನುಗಾರರು ದೋಣಿಯಲ್ಲಿ ತಂದರು. ಕಾಪಾಡಲು ಹೋದವನು ಮರಳಿ ಬರಲಿಲ್ಲ. ನಾನು ದಡದಲ್ಲಿ ನಿಂತು ಕೂಗುತ್ತಿದ್ದೆ. ಕೈಯಲ್ಲಿ ಹಗ್ಗವಿರಲಿಲ್ಲ, ತಲೆಯಲ್ಲಿ ತಿಳಿವಳಿಕೆಯೂ ಇರಲಿಲ್ಲ.

ಆ ತಿಳಿವಳಿಕೆ ಇಷ್ಟೆ. ಅಲೆಗಳು ದಡಕ್ಕೆ ತಂದ ನೀರು ಮರಳದಿಬ್ಬಗಳ ನಡುವಣ ತಗ್ಗಿನ ಮೂಲಕ ರಭಸದಿಂದ ಹಿಂದಿರುಗುತ್ತದೆ. ಇದೇ ಸೆಳೆತ. ಅಲ್ಲಿ ಅಲೆಗಳು ಒಡೆಯುವುದು ಕಡಿಮೆಯಾದ್ದರಿಂದ ಅರಿಯದವರ ಕಣ್ಣಿಗೆ ಅದೇ ಶಾಂತವಾದ ಜಾಗ! ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್. ಒಲಿಂಪಿಕ್ ಈಜುಗಾರನಿಗೂ ಅದರೆದುರು ಈಜುವುದು ಕಷ್ಟ. ಆದರೆ ಸೆಳೆತ ಮನುಷ್ಯನನ್ನು ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಕೊಂಡವನು ಸೆಣಸದೆ ಅಂಗಾತ ತೇಲಬೇಕು, ಕೈಯೆತ್ತಿ ಸಹಾಯ ಬೇಡಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಮುಳುಗುವವನು ಕೂಗುವುದು ಅಪರೂಪ. ಉಸಿರಾಟಕ್ಕೇ ಬಿಡುವಿಲ್ಲದವನಿಗೆ ಕೂಗಲು ಎಲ್ಲಿಯ ಬಿಡುವು? ಆದ್ದರಿಂದ ದಡದವನ ಮೊದಲ ಕೆಲಸ ನೋಡುವುದು. ಒಬ್ಬನು ಕೈಚಾಚಿ ಅವನತ್ತ ತೋರುತ್ತ, ಕಣ್ಣು ಕೀಳದೆ ನಿಲ್ಲಬೇಕು. ಅಲೆಗಳ ನಡುವೆ ಒಮ್ಮೆ ತಪ್ಪಿದ ತಲೆ ಮತ್ತೆ ಸಿಗುವುದು ಕಷ್ಟ. ಮತ್ತೊಬ್ಬನು 112ಕ್ಕೋ ಕರಾವಳಿ ಕಾವಲು ಪಡೆಯ 1554ಕ್ಕೋ ಕರೆ ಮಾಡಬೇಕು. ಬಳಿಕ ಕೋಲು ಚಾಚಬೇಕು, ತೇಲುವ ವಸ್ತುವನ್ನೋ ಹಗ್ಗವನ್ನೋ ಎಸೆಯಬೇಕು. ತರಬೇತಿಯಿಲ್ಲದವನು ನೀರಿಗಿಳಿಯಲಾಗದು. ದಡಕ್ಕೆ ತಂದವನ ಉಸಿರು ನಿಂತಿದ್ದರೆ, ಹೊಟ್ಟೆ ಅಮುಕಿ ನೀರು ಕಾರಿಸುವ ಹಳೆಯ ರೂಢಿ ಸಲ್ಲದು. ಮೊದಲು ಬಾಯಿಂದ ಬಾಯಿಗೆ ಉಸಿರೂದಿ, ಎದೆಯ ನಡುವೆ 30 ಬಾರಿ ಒತ್ತಿ, ಮತ್ತೆರಡು ಬಾರಿ ಉಸಿರೂದಿ, ನೆರವು ಬರುವವರೆಗೆ ಹೀಗೆಯೇ ಮುಂದುವರಿಸಬೇಕು.

ಇಂಥ ಕೆಲಸಕ್ಕೆ ಸಾಮಾನ್ಯರೇ ಮುಂದಾದದ್ದು ಹೊಸತಲ್ಲ. ಬ್ರಿಟನ್ನಿನಲ್ಲಿ ಸರ್ ವಿಲಿಯಂ ಹಿಲರಿಯವರ ಯತ್ನದಿಂದ 1824ರಲ್ಲಿ ಹುಟ್ಟಿದ ಜೀವರಕ್ಷಕ ದೋಣಿಗಳ ಸಂಸ್ಥೆ ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುತ್ತಿದೆ. 2018ರ ಕೇರಳದ ನೆರೆಯಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೆ ಹೇರಿಕೊಂಡು ಹೋಗಿ ಸಾವಿರಾರು ಮಂದಿಯನ್ನು ಉಳಿಸಿದರು.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ, ಪ್ರವಾಸಿ ಹುಡುಗನೊಬ್ಬ ಸೆಳೆತಕ್ಕೆ ಸಿಕ್ಕಿದುದನ್ನು ಕಂಡೆ. ಅವನ ಅಣ್ಣ ಅಂಗಿ ಕಳಚುತ್ತಿದ್ದ. ಅವನ ತೋಳು ಹಿಡಿದು ನಿಲ್ಲಿಸಿ, ‘ತಮ್ಮನತ್ತ ಕೈ ತೋರಿಸುತ್ತಿರಪ್ಪ, ಕಣ್ಣು ಕೀಳಬೇಡ’ ಎಂದು ಹೇಳಿ, ಇನ್ನೂರು ಮೀಟರ್ ದೂರದ ಕಂಬದಲ್ಲಿದ್ದ ತೇಲುಬಳೆಗೆ ಓಡಿದೆ. ನಾನು ಅದನ್ನು ಹೊತ್ತು ಬರುವ ವೇಳೆಗೆ ತಂಡದ ತರುಣರು ಬಂದಿದ್ದರು. ಮೂರನೆಯ ಎಸೆತ ಹುಡುಗನ ಕೈಗೆ ಸಿಕ್ಕಿತು. ಅಣ್ಣತಮ್ಮಂದಿರಿಬ್ಬರೂ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಪಾದದ ಗಂಟು ನೋಯುತ್ತಿತ್ತು. ಎರಡು ದಿನ ಓಡಲಿಲ್ಲ; ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆ.

(ಬಾನುಲಿ ಭಾಷಣ)